ದಾಕ್ಷಾಯಣಕ್ಕನ ತೊಡೆಯ ಮೇಲಿನ ಕೀಬೋರ್ಡ್

ನಾನು ಒಂದು ವೈರ್‌ಲೆಸ್ ಕೀಬೋರ್ಡ್. ಬಾಲವಿಲ್ಲದೆ ಹುಟ್ಟಿದವನು. ಹುಟ್ಟಿದ ಕಾರ್ಖಾನೆ ಯಾವ ಊರಿನದೋ ನೆನಪಿಲ್ಲ; ಬಿಸಿ ಪ್ಲಾಸ್ಟಿಕ್ಕಿನ ವಾಸನೆಯೊಂದು ಮಾತ್ರ ಇನ್ನೂ ಮೂಗಿನಲ್ಲಿದೆ. ಒಂದು ಮೌಸ್ ನನ್ನ ಜೊತೆಗೇ ಡಬ್ಬಿ ಸೇರಿತು. ನಮ್ಮಿಬ್ಬರಿಗೂ ಸೇರಿ ಬಟಾಣಿ ಗಾತ್ರದ ಒಂದೇ ರಿಸೀವರ್. ಅದನ್ನು ಯಾವ ಕಂಪ್ಯೂಟರಿಗೆ ಸಿಕ್ಕಿಸುತ್ತಾರೋ ಅದರ ಪರದೆಯ ಮೇಲೆ ಮಾತ್ರ ನಮ್ಮ ಆಟ.

ಗದಗಿನ ಅಂಗಡಿಯೊಂದರಲ್ಲಿ ಧೂಳು ತಿನ್ನುತ್ತಾ ಕೂತಿದ್ದಾಗ ದಾಕ್ಷಾಯಣಕ್ಕ ಬಂದಳು. ಚನ್ನವೀರಪ್ಪನವರ ಮುದ್ರಣಾಲಯದಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವವಳು. ಗಂಡ ತೀರಿಕೊಂಡ ಮೇಲೆ ಆ ಕೆಲಸವೇ ಅವಳ ಅನ್ನ, ಅದೇ ಮರ್ಯಾದೆ. ಆದರೆ ಬಲಭುಜ ಬಿಗಿದು ಹೋಗಿತ್ತು. ಮೇಜಿನ ಮೇಲೆ ಕೈ ಚಾಚಿದರೆ ಪ್ರಾಣ ಹೋಗುವಷ್ಟು ನೋವು. ಮಾಲೀಕರಿಗೆ ತಿಳಿದರೆ ಕೆಲಸಕ್ಕೆ ಸಂಚಕಾರವೆಂದು, ಹಳೆಯ ಕೀಬೋರ್ಡಿನ ವೈರನ್ನು ಇಲಿ ಕಡಿಯಿತು ಅಂತ ಹೇಳಿ ಹೊಸದನ್ನು ಆರಿಸಲು ಬಂದಿದ್ದಳು.

ಅಂಗಡಿಯವನು ಒಂದೊಂದನ್ನೇ ಮುಂದಿಟ್ಟ. ಅವಳು ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಬೆರಳಾಡಿಸಿದಳು. ಒಂದರ ಗುಂಡಿ ಗಟ್ಟಿ, ಇನ್ನೊಂದು ಹಪ್ಪಳದಷ್ಟು ತೆಳು.

"ಇದನ್ನ ನೋಡ್ರಿ ಅಕ್ಕಾರ, ಬಣ್ಣಬಣ್ಣದ ಲೈಟ್ ಹತ್ತತಾವು."

"ಲೈಟ್ ತಗೊಂಡು ಏನ್ ಮಾಡ್ಲೋ ತಮ್ಮಾ? ಗುಂಡಿ ಮೆತ್ತಗಿದ್ರ ಸಾಕು."

ಹಾಗೆ ನನ್ನ ಪಾಳಿ ಬಂತು. ಅವಳ ಬೆರಳು ನನ್ನ ಮೇಲೆ ಓಡಿದವು, ಮುಖದ ಗಂಟು ಸಡಿಲವಾಯಿತು. ಮಾಲೀಕರಿಗೆ ಎಲ್ಲವೂ ಜೋಡಿಯಾಗಿ ಕಾಣಬೇಕು. ಪಕ್ಕದ ಮೇಜಿನ ಮೌಲಾಲಿಗೂ ನನ್ನಂಥದೇ ಇನ್ನೊಂದು ಸೆಟ್ ತರಿಸಿದರು. ನಮ್ಮ ಅವಳಿಜವಳಿ ಚೆಂದ ನೋಡಿ ಎಲ್ಲರೂ ನಕ್ಕರು.

ಅಲ್ಲಿಂದ ನನ್ನ ದುಡಿಮೆ. ಎಷ್ಟು ಮದುವೆ ಮಾಡಿಸಿದೆನೋ! ಎಲ್ಲದರಲ್ಲೂ ಅದೇ ಗುರುಹಿರಿಯರು, ಅದೇ ಶುಭಮುಹೂರ್ತ, ಕೊನೆಗೆ ಅದೇ "ಉಡುಗೊರೆಗಳಿಗಿಂತ ನಿಮ್ಮ ಆಶೀರ್ವಾದವೇ ಮುಖ್ಯ" ಎಂಬ ಸುಳ್ಳು. ನನಗೆ ಸಾಕುಸಾಕಾಗುತ್ತಿತ್ತು. ಅಕ್ಕನಿಗೂ ದಣಿವೇ, ಆದರೆ ತೊಡೆಯ ಮೇಲೆ ನನ್ನನ್ನಿಟ್ಟುಕೊಂಡರೆ ಅವಳ ಭುಜ ಅಲುಗಬೇಕಾಗಿರಲಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಆಯುಧ ಪೂಜೆ ಬಂತು. ಮಾಲೀಕರು ಎರಡೂ ಕಂಪ್ಯೂಟರ್ ಒರೆಸಿ, ರಿಸೀವರ್‌ಗಳನ್ನು ಕಿತ್ತು, ನಮ್ಮನ್ನೆಲ್ಲ ಒಂದೇ ಮಣೆಯ ಮೇಲೆ ಸಾಲಾಗಿ ಕೂರಿಸಿದರು. ವಿಭೂತಿ, ಕುಂಕುಮ, ಚೆಂಡುಹೂ. ಪೂಜೆ ಮುಗಿದ ಮೇಲೆ ಅವರೇ ಎತ್ತಿಟ್ಟರು. ನಾನು ಅಕ್ಕನ ಮೇಜಿಗೆ ಬಂದೆ. ನನ್ನ ಮೌಸ್, ನಮ್ಮ ರಿಸೀವರ್ ಎರಡೂ ಮೌಲಾಲಿಯ ಮೇಜಿಗೆ ಹೋದವು. ಅವನವು ನಮ್ಮಲ್ಲಿಗೆ ಬಂದವು. ಎಲ್ಲಾ ಒಂದೇ ಥರ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಹಬ್ಬ ಮುಗಿದ ಮರುದಿನ ಮೌಲಾಲಿ ಹೊಸ ಪುಟ ತೆರೆದಿಟ್ಟು ಚಹಾಕ್ಕೆ ಹೋಗಿದ್ದ. ಅಕ್ಕ ಬೆಳಗಿನಿಂದ ಜೋಮು ಹಿಡಿದಿದ್ದ ಕೈಯಿಂದಲೇ ಲಗ್ನಪತ್ರಿಕೆಯೊಂದನ್ನು ಟೈಪ್ ಮಾಡಿದಳು. ಬರೆದುಕೊಟ್ಟ ಚೀಟಿಯ ಮೇಲಿಂದ ಕಣ್ಣು ಕೀಳದೆ ಕೊನೆಯವರೆಗೆ ಹೊಡೆದು, ಆಮೇಲೆ ತಲೆ ಎತ್ತುವುದು ಅವಳ ರೂಢಿ. ತಲೆ ಎತ್ತಿದಳು. ಪರದೆ ಖಾಲಿ.

ಮೌಸ್ ಅಲುಗಿಸಿದಳು, ಬಾಣ ಸರಿಯಾಗಿಯೇ ಓಡಾಡಿತು. ಕಂಪ್ಯೂಟರ್ ನೆಟ್ಟಗಿದೆ, ಕೆಟ್ಟಿರುವುದು ತನ್ನ ಕೈಯೇ ಎಂದುಕೊಂಡಳು. 'ಅ' ಗುಂಡಿಯನ್ನು ಒತ್ತಿದಳು, ಮತ್ತೆ ಒತ್ತಿದಳು, ಹೆಬ್ಬೆರಳಿನಿಂದ ಅದುಮಿದಳು. ನಾನು ಪ್ರತಿ ಸಲವೂ ಕೂಗಿ ಹೇಳುತ್ತಿದ್ದೆ. ನನ್ನ ಕೂಗು ಹೋಗುತ್ತಿದ್ದದ್ದು ಪಕ್ಕದ ಮೇಜಿಗೆ.

ಅವಳ ಕಣ್ಣೀರು ನನ್ನ ಗುಂಡಿಗಳ ಸಂದಿಗೆ ಇಳಿಯಿತು. ನನ್ನನ್ನು ಪಕ್ಕಕ್ಕಿಟ್ಟು ಎದ್ದು ಹೋದಳು.

"ಮಾಲಕರ, ನನ್ನ ಕೈಯಾಗ ಶಕ್ತಿ ಉಳದಿಲ್ರಿ. ಎಷ್ಟ್ ಒತ್ತಿದ್ರೂ ಅಕ್ಷರ ಮೂಡವಲ್ವು. ಭುಜ ಹೋಗಿ ಭಾಳ ದಿನ ಆತು. ನಿಮ್ಮ ಮುಂದ ಮುಚ್ಚಿಟ್ಟಿದ್ದೆ."

ಚನ್ನವೀರಪ್ಪನವರು ಏನೂ ಹೇಳುವ ಮೊದಲೇ, ಚಹಾ ಮುಗಿಸಿ ಬಂದಿದ್ದ ಮೌಲಾಲಿ ಒಳಗಿನಿಂದ ಕಿರುಚಿದ. "ಮಾಲಕರ, ಬರ್ರಿಲ್ಲೆ! ನಾ ಮುಟ್ಟೇ ಇಲ್ಲ, ಪತ್ರಿಕಿ ತಾನ ತಯಾರಾಗೇತಿ!"

ಎಲ್ಲರೂ ಹೋಗಿ ನೋಡಿದರು. ವರ, ವಧು, ಸೋದರಮಾವಂದಿರು, ಕಲ್ಯಾಣಮಂಟಪ, ಒಂದೂ ಅಕ್ಷರ ತಪ್ಪಿರಲಿಲ್ಲ. ಕೆಳಗೆ ಮಾತ್ರ ಸಾಲುಗಟ್ಟಿ ಅಅಅಅಅಅ. ಮೌಲಾಲಿ ಹೊಟ್ಟೆ ಹಿಡಿದು ನಕ್ಕ. ಮಾಲೀಕರೂ ನಕ್ಕರು, ರಿಸೀವರ್ ಬದಲಿಸಿದರು. ಆಮೇಲೆ ಅವರ ನಗು ನಿಂತಿತು. ಅಕ್ಕನ ಭುಜದ ಕಡೆ ನೋಡಿದರು.

"ಅಕ್ಕಾರ, ಮೊದಲ ಕೈ ನೋಡ್ಕೋರಿ. ಮುಂದ ಲಗ್ನದ ಸೀಜನ್. ನಾ ಬ್ಯಾರೆ ಯಾರನ್ನರ ನೋಡ್ತೀನಿ."

"ಪತ್ರಿಕಿ ಸರಿ ಐತಲ್ರಿ?" ಎಂದಳು ಅಕ್ಕ.

"ಸರಿ ಐತ್ರಿ. ಆದ್ರೂ..."

ಅವಳು ಊಟದ ಡಬ್ಬಿ ಎತ್ತಿಕೊಂಡು ಹೋದಳು. ಮಾಲೀಕರನ್ನು ಕೆಟ್ಟವರೆನ್ನಲಾರೆ, ಆದರೆ ಅವತ್ತು ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಇನ್ಯಾರ ಮೇಲೂ ಬಂದಿಲ್ಲ.

ಆಮೇಲೆ ಬಂದವರು ನನ್ನನ್ನು ಮೇಜಿನ ಮೇಲಿಟ್ಟು ಕುಟ್ಟಿದರು. ಚಹಾ ಚೆಲ್ಲಿದರು. ಅಕ್ಷರಗಳೆಲ್ಲ ಅಳಿಸಿ ಬೋಳಾದೆ. ಈಗ ಮುದ್ರಣಾಲಯದ ಅಟ್ಟದ ಮೇಲೆ, ಮಾರದೆ ಉಳಿದ ಕ್ಯಾಲೆಂಡರುಗಳ ಕೆಳಗೆ ಬಿದ್ದಿದ್ದೇನೆ. ಬ್ಯಾಟರಿ ಶೆಲ್ ತೆಗೆದುಬಿಟ್ಟಿದ್ದಾರೆ. ದಾಕ್ಷಾಯಣಕ್ಕನಿಗೆ ಕೈ ಹೋಗಿತ್ತು, ಪಾಪ, ಎಂದು ಕೆಳಗೆ ಈಗಲೂ ಮಾತಾಡಿಕೊಳ್ಳುತ್ತಾರೆ. ಹೋಗಿರಲಿಲ್ಲ. ಆ ಬೆರಳುಗಳಲ್ಲಿ ಎಷ್ಟು ಕಸುವಿತ್ತೆಂದು ಬಲ್ಲವನು ನಾನೊಬ್ಬನೇ. ಹೇಳೋಣವೆಂದರೆ, ಯಾರಾದರೂ ಒತ್ತದ ಹೊರತು ನನಗೆ ಮಾತು ಬರುವುದಿಲ್ಲ.