ಖಾಲಿ ಬಿಡುವಂತಿಲ್ಲ

ಪರದೆಯ ಮೇಲೆ ಮತ್ತೆ ಕೆಂಪು ಅಕ್ಷರ. ಡೇಟಾಬೇಸಿನ ರಚನೆ ಬದಲಿಸುವ ಮೈಗ್ರೇಶನ್ ಅರ್ಧದಲ್ಲೇ ಸತ್ತಿತ್ತು.

ಈಜುಕೊಳದ ಸದಸ್ಯರ ಕೋಷ್ಟಕಕ್ಕೆ ಒಂದೇ ಒಂದು ಹೊಸ ಕಾಲಮ್ ಸೇರಿಸಬೇಕಾಗಿತ್ತು: ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು. ಖಾಲಿ ಬಿಡುವಂತಿಲ್ಲ. ಹಾಗಾದರೆ ಈಗಾಗಲೇ ಇರುವ ಸದಸ್ಯರಿಗೆಲ್ಲ ಏನು ತುಂಬಲಿ ಎಂದು ಕಂಪ್ಯೂಟರ್ ಕೇಳುತ್ತಿತ್ತು. ನ್ಯಾಯವಾದ ಪ್ರಶ್ನೆಯೇ.

ಪರೀಕ್ಷೆಗೆ ತಾನೇ ಎಂದು ಅವನು ತನ್ನ ಹೆಸರು, ತನ್ನ ನಂಬರು ಕೊಟ್ಟ. ಹಸಿರು. ತನಗೆ ತಾನೇ ಶಭಾಷ್ ಹೇಳಿಕೊಂಡು ಚಹಾ ತಂದು ಕೂತ. ಫೋನ್ ಬಂತು.

"ಈಜುಕೊಳದ ಆಫೀಸಿಂದ. ನಿಮ್ಮ ಅಜ್ಜಿ ಜಾರಿ ಬಿದ್ದಿದ್ದಾರೆ. ಗಾಬರಿ ಬೇಡ, ಬನ್ನಿ."

ಅವನಿಗೆ ಅಜ್ಜಿ ಇರಲಿಲ್ಲ. ಪರದೆ ನೋಡಿದ. ಪರೀಕ್ಷೆಯ ಪ್ರತಿಯಲ್ಲಲ್ಲ, ನಿಜವಾದ ಡೇಟಾಬೇಸಿನಲ್ಲೇ ಓಡಿಸಿಬಿಟ್ಟಿದ್ದ. ಊರಿನ ಈಜುಗಾರರಿಗೆಲ್ಲ ಈಗ ಅವನೊಬ್ಬನೇ ದಿಕ್ಕು.

ಹೋದ ತಿಂಗಳೇ ಬಾಸ್ ಹೇಳಿದ್ದರು: "ಇನ್ನೊಂದ್ಸಲ ಲೈವ್ ಡೇಟಾಬೇಸಿಗೆ ಕೈ ಹಾಕಿದ್ರೆ, ಆಮೇಲೆ ಮನೇಲೇ ಇರಪ್ಪ."

ರಾಂಗ್ ನಂಬರ್ ಎಂದರೆ ವಿಚಾರಣೆ ಶುರುವಾಗುತ್ತದೆ. "ಬಂದೆ" ಎಂದ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಹೊರಟವನು ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕುತ್ತಿದ್ದ. ಅವನನ್ನು ಯಾರಾದರೂ ಬನ್ನಿ ಎಂದು ಕರೆದು ಎಷ್ಟೋ ಕಾಲವಾಗಿತ್ತು.

ಈಜುಕೊಳದ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರಪ್ಪ ನೀನು?"

"ನಿಮ್ಮ ಕಡೆಯವನು."

"ನನ್ನ ಕಡೆ ಯಾರೂ ಉಳಿದಿಲ್ವಲ್ಲೋ." ಕ್ಷಣ ಯೋಚಿಸಿದಳು. "ಇರ್ಲಿ, ಬಂದಿದೀಯ. ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ?"

"ಟ್ರಾಫಿಕ್ಕು, ಅಜ್ಜಿ."

"ಸುಳ್ಳು ಹೇಳೋದು ನೋಡಿದ್ರೆ ನಮ್ಮನೆಯವನೇ!"

ಇಬ್ಬರೂ ನಕ್ಕರು. ಅಷ್ಟರಲ್ಲಿ ಆಫೀಸಿನ ಹೆಂಗಸು ಒಂದು ಕನ್ನಡಕ ತಂದಳು. ಅದನ್ನು ಮರೆತುಹೋದ ಸದಸ್ಯರ ಕಡೆಯವರಿಗೆಂದು ಫೋನ್ ಹಚ್ಚಿದರೆ ಇವನ ಜೇಬೇ ಮೊಳಗಿತು.

"ನಿಮ್ಮ ಮಾವನವರದೇ? ದೊಡ್ಡ ಸಂಸಾರ ನಿಮ್ದು!"

"ಅವಿಭಕ್ತ ಕುಟುಂಬ" ಎಂದು ಕನ್ನಡಕವನ್ನು ಜೇಬಿಗಿಳಿಸಿದ.

ಆಗ ಬಾಸ್‌ನ ಸಂದೇಶ: "ಸದಸ್ಯರ ಕೋಷ್ಟಕ ಯಾಕೋ ಸರಿ ಕಾಣ್ತಿಲ್ಲ. ಊಟ ಮುಗಿಸಿ ನೋಡ್ತೀನಿ."

ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದ. ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗಲು ಒಂದೇ ಸಾಲು ಸಾಕು.

"ಏನೋ ಅದು ಕುಟ್ತಿರೋದು?"

"ತಪ್ಪು ತಿದ್ತಿದೀನಿ, ಅಜ್ಜಿ."

"ತಿದ್ದು, ತಿದ್ದು. ಆಮೇಲೆ ಆ ಕೂದಲನ್ನೂ ಕತ್ತರಿಸ್ಕೋ."

ಒತ್ತಿದ. ಕಾಲಮ್ ಹುಟ್ಟಿಯೇ ಇರಲಿಲ್ಲವೆಂಬಂತೆ ಮಾಯವಾಯಿತು. ಕೆಲಸ ಉಳಿಯಿತು.

ಅವಳ ಈಜುಟೋಪಿಯನ್ನು ಕೈಯಲ್ಲಿ ಹಿಡಿದು, ಅವಳಿಗೆ ಹೆಗಲು ಕೊಟ್ಟು ನಡೆಸಿಕೊಂಡು ಬಾಗಿಲಿಗೆ ಬಂದ. ಪಾಳಿ ಬದಲಾಗಿತ್ತು. ಹೊಸ ಕಾವಲುಗಾರ ತನ್ನ ಮೇಜಿನ ಪರದೆ ನೋಡಿ ತಲೆಯಾಡಿಸಿದ.

"ಪೆಟ್ಟಾದವರನ್ನ ಯಾರ್ಯಾರದೋ ಜೊತೆ ಬಿಡೋ ಹಾಗಿಲ್ಲ. ಇಲ್ಲಿ ಯಾರ ಹೆಸರೂ ಕಾಣ್ತಿಲ್ಲ. ನೀವು ಇವರಿಗೆ ಏನಾಗ್ಬೇಕು?"

ನನ್ನ ಹೆಸರು ಆಗ ಇತ್ತು ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಅಂದರೆ, ಇದ್ದದ್ದು ಹೋದದ್ದು ಹೇಗೆ ಎಂದು ಆಮೇಲೆ ಹೇಳಬೇಕಾಗುತ್ತದೆ.

"ಹೇಳೋ" ಎಂದಳು ಅಜ್ಜಿ, ನಗುತ್ತಲೇ.

ಅವನು ಹೇಳಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದಳು.

ಕಾವಲುಗಾರ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಕ್ಕೆ ತಿರುಗಿಸಿದ. ಸುತ್ತುವ ಕಬ್ಬಿಣದ ಬಾಗಿಲು ಅವನನ್ನು ಬೀದಿಗೆ ದಾಟಿಸಿ ಕಟಕ್ಕೆಂದು ನಿಂತಿತು.

"ಅದನ್ನ ಹಿಂಡಬೇಡ್ವೋ, ಆಕಾರ ಕೆಡುತ್ತೆ!" ಒಳಗಿನಿಂದ ಕೂಗು ಬಂತು.

ಆಗಲೇ ಅವನು ಕೈ ನೋಡಿಕೊಂಡದ್ದು. ಅವಳ ರಬ್ಬರಿನ ಈಜುಟೋಪಿ ಅಲ್ಲೇ ಉಳಿದಿತ್ತು. ಒಂದು ತಲೆಯಷ್ಟು ದುಂಡಗೆ ಉಬ್ಬಿಕೊಂಡು, ಒಳಗೇನೂ ಇಲ್ಲದೆ, ಬಿಸಿಲಿಗೆ ಮಿರಮಿರ ಹೊಳೆಯುತ್ತ ಅಂಗೈ ಮೇಲೆ ಕೂತಿತ್ತು.