ಕಿಟಕಿ ಮುಚ್ಚಿ ಹುರಿದ ಮೆಣಸಿನಕಾಯಿ

ಬಾಡು ಬೇಯಿಸುವುದಕ್ಕೂ ಮೊದಲು ದ್ಯಾವಮ್ಮ ಕಲಿತ ವಿದ್ಯೆ ಎಂದರೆ ಕಿಟಕಿ ಮುಚ್ಚುವುದು. ಕಡೂರಿನ ಬಾಡಿಗೆ ಮನೆಗಳಲ್ಲಿ ಬದುಕಿದಷ್ಟು ಕಾಲವೂ ಅದೇ ಕ್ರಮ. ಗಂಡ ಮುನಿಯಪ್ಪ ಚೀಲದ ತಳದಲ್ಲಿ ಎಮ್ಮೆ ಬಾಡಿಟ್ಟು, ಅದರ ಮೇಲೆ ಹರಿವೆ ಸೊಪ್ಪು ಹೊದಿಸಿ, "ಬದ್ನೇಕಾಯಿ ತಂದೀನಿ ಕಣೇ!" ಎಂದು ಓಣಿಗೆಲ್ಲ ಕೇಳಿಸುವ ಹಾಗೆ ಕೂಗುತ್ತ ಬರುವನು. ದ್ಯಾವಮ್ಮ ಕಿಟಕಿಗಳ ಚಿಲಕ ಹಾಕಿ, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿ, ಬುದ್ಧನ ಪಟದ ಮುಂದೆ ಒಂದು ಕಟ್ಟು ಊದುಬತ್ತಿಯನ್ನು ಒಟ್ಟಿಗೇ ಹಚ್ಚುವಳು. ಬುದ್ಧನ ಹೆಸರು ಹೇಳಿಕೊಂಡು ವಾಸನೆ ಮುಚ್ಚುವ ಈ ಉಪಾಯ ಕಂಡು ಮನೆ ಮಾಲೀಕರೊಬ್ಬರು, "ನಿಮ್ಮ ಹೆಂಗಸರದು ಏನು ಭಕ್ತಿ ರೀ!" ಎಂದು ಮುನಿಯಪ್ಪನ ಹತ್ತಿರ ಹೊಗಳಿದ್ದೂ ಉಂಟು. ಇನ್ನೊಂದು ಮನೆಯಲ್ಲಿ ಮಾತ್ರ ಗೋಣಿ ಜಾರಿತ್ತು. ಮಾರನೆಯ ದಿನವೇ ಇವರ ಪಾತ್ರೆ ಪಗಡ ಬೀದಿಗೆ ಬಂದಿದ್ದವು. ಆಮೇಲೆ ದ್ಯಾವಮ್ಮ ಗೋಣಿಯ ಮೇಲೆ ಇಟ್ಟಿಗೆ ಇಡುವುದನ್ನೂ ರೂಢಿ ಮಾಡಿಕೊಂಡಳು.

ಈಗ ಮಗ ಚಂದ್ರಕುಮಾರ ತರೀಕೆರೆಯಲ್ಲಿ ಸ್ವಂತ ಮನೆ ಕಟ್ಟಿಸಿದ್ದ. ಲಕ್ಕವಳ್ಳಿ ಡ್ಯಾಮಿನ ಕೆಲಸದಲ್ಲಿದ್ದವನು, ಗಾಳಿ ಬೆಳಕಿನ ಆಸೆಗೆ ಗೋಡೆಗಿಂತ ಹೆಚ್ಚು ಕಿಟಕಿಗಳನ್ನೇ ಇಡಿಸಿದ್ದ. ಅಷ್ಟೊಂದು ಕಿಟಕಿಗಳನ್ನು ಕಂಡು ದ್ಯಾವಮ್ಮನಿಗೆ ಆದದ್ದು ಸಂತೋಷವಲ್ಲ, ಸುಸ್ತು. ಇವನ್ನೆಲ್ಲ ಮುಚ್ಚುವವರು ಯಾರು?

ಸಂತೋಷ ಸಿಕ್ಕಿದ್ದು ಎದುರು ಮನೆಯಲ್ಲಿ. ಅಲ್ಲಿದ್ದ ತೀರ್ಥಮ್ಮ ಮಠದ ಭಕ್ತೆ, ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಗಂಡ ದೇವೀರಪ್ಪನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬೆಳಗ್ಗೆ ಆತ ಅಂಗಡಿಗೆ ಹೊರಟದ್ದೇ ತಡ, ತೀರ್ಥಮ್ಮ ತನ್ನ ಜಗಲಿಯಲ್ಲಿ, ದ್ಯಾವಮ್ಮ ತನ್ನ ಮೆಟ್ಟಿಲ ಮೇಲೆ, ನಡುವೆ ಬೀದಿ. ಸೊಸೆಯಂದಿರ ಸುದ್ದಿ, ಮಂಡಿನೋವಿನ ಸುದ್ದಿ, ಯಾರ ಮನೆ ನಲ್ಲಿಯಲ್ಲಿ ನೀರು ಜೋರು ಎಂಬ ಸುದ್ದಿ, ಎಲ್ಲವೂ ಆ ಬೀದಿ ದಾಟಿ ಹೋಗಿ ಬರುತ್ತಿದ್ದವು. ಈ ವಯಸ್ಸಿನಲ್ಲಿ ದ್ಯಾವಮ್ಮನಿಗೆ ಒಬ್ಬಳು ಗೆಳತಿ ಸಿಕ್ಕಿದ್ದಳು. ಆ ಗೆಳೆತನ ಎಮ್ಮೆ ಬಾಡಿನ ಘಮಕ್ಕೆ ಹಾರಿಹೋದೀತೆಂದು ಅವಳಿಗೆ ಒಳಗೊಳಗೇ ಪುಕಪುಕ. ಹಾಗಾಗಿ ಗೃಹಪ್ರವೇಶವಾದ ಮೇಲೆ ಆ ಮನೆಯಲ್ಲಿ ಬಾಡಿನ ಪಾತ್ರೆ ಒಲೆ ಏರಿಯೇ ಇರಲಿಲ್ಲ.

ಏರಿಸಲು ಹೊರಟವಳು ಮೊಮ್ಮಗಳು ಮಾಯಾ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಈ ಹುಡುಗಿಗೆ ಅಜ್ಜಂಪುರದ ಆನಂದ್ ಜೊತೆ ಮದುವೆ ಗೊತ್ತಾಗಿತ್ತು. ಭಾನುವಾರ ಅವನು ಊಟಕ್ಕೆ ಬರುವವನಿದ್ದ. ಮಾಯಾಳ ಅಪ್ಪ ಅಮ್ಮ ಅವತ್ತು ಯಗಟಿಗೆ ಮದುವೆಯೊಂದಕ್ಕೆ ಹೋಗಿದ್ದರಿಂದ ಅಡುಗೆಮನೆಯಲ್ಲಿ ಅವಳದೇ ರಾಜ್ಯ.

"ಅಜ್ಜೀ, ಇವತ್ತು ಬಿರಿಯಾ ರಾಮೆನ್ ಮಾಡ್ತೀನಿ," ಎಂದು ಮೊಬೈಲ್ ಹಿಡಿದು ಬಂದಳು. "ಸಾರು ಮೆಕ್ಸಿಕೋದ್ದು, ನೂಡಲ್ಸ್ ಜಪಾನಿಂದು."

"ಬಾಡು?"

"ಬಾಡು ಕಡೂರಿಂದು. ತಾತ ಬೆಳಗಿನ್ ಬಸ್ಸಿಗೇ ಹೋಗವ್ರೆ."

ದ್ಯಾವಮ್ಮ ಕಿಟಕಿಗಳ ಕಡೆ ತಿರುಗಿದಳು. ಅಷ್ಟರಲ್ಲಿ ಹೊರಗಿನಿಂದ ಗಂಡನ ಗಂಟಲು ಮೊಳಗಿತು. "ಬದ್ನೇಕಾಯಿ ತಂದೀನಿ ಕಣೇ!" ಸ್ವಂತ ಮನೆಯ ಗೇಟಿನಲ್ಲಿ ನಿಂತೂ ಆ ಮುದುಕನಿಗೆ ಹಳೆಯ ಚಾಳಿ ಬಿಟ್ಟಿರಲಿಲ್ಲ. ಚೀಲದ ಮೇಲೆ ಹರಿವೆ ಸೊಪ್ಪೂ ಇತ್ತು.

"ತಾತಾ, ಯಾಕ್ ಹಂಗ್ ಕೂಗ್ತೀಯ? ಇದು ನಮ್ ಮನೆ," ಎಂದು ಮಾಯಾ ರೇಗಿದಳು.

"ಮನೆ ನಮ್ದು ಕಣವ್ವಾ, ಬೀದಿ ನಮ್ದಾ?" ಎಂದ ಮುನಿಯಪ್ಪ.

ಮಾಯಾ ಬಾಡನ್ನು ಚೆಕ್ಕೆ, ಲವಂಗ, ಟೊಮೆಟೊ, ಈರುಳ್ಳಿ ಹಾಕಿ ಕುಕ್ಕರಿಗೇರಿಸಿದಳು. ಮೆಕ್ಸಿಕೋದ ಮೆಣಸಿನಕಾಯಿ ತರೀಕೆರೆಯಲ್ಲಿ ಎಲ್ಲಿಂದ ಸಿಗಬೇಕು? ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ತೀರ್ಮಾನವಾಯಿತು. ಸೋಯಾ ಸಾಸನ್ನು ಗೋಬಿ ಮಂಚೂರಿ ಗಾಡಿಯವನ ಹತ್ತಿರ ಕಾಡಿ ಬೇಡಿ ತಂದಿದ್ದಳು. ನೂಡಲ್ಸಿನ ಪ್ಯಾಕೆಟ್ಟನ್ನು ಮಾತ್ರ ದ್ಯಾವಮ್ಮ ಮೂಸಿ ನೋಡಿ ಪಕ್ಕಕ್ಕಿಟ್ಟಳು.

"ಇದೇನೇ ಇದು, ಲಾಡಿ ಇದ್ದಂಗೈತೆ? ಅಳಿಯ ಆಗೋನು ಬತ್ತಾವ್ನೆ, ಒತ್ತು ಶಾವಿಗೆ ಇಲ್ದೆ ಊಟ ಹಾಕ್ತೀಯಾ?"

ಹೀಗೆ ಜಪಾನು ಅಲ್ಲಿಗೆ ಮುಗಿದು, ಅಟ್ಟದಿಂದ ಶಾವಿಗೆ ಒರಳು ಇಳಿಯಿತು. ಹಿತ್ತಲಿನಲ್ಲಿ ಮುನಿಯಪ್ಪ ಒರಳಿನ ಸನ್ನೆಮರದ ಮೇಲೆ ಹೊಟ್ಟೆ ಹಾಕಿ ಮಲಗಿ, ಏದುಸಿರು ಬಿಡುತ್ತ ಒತ್ತಿದ. ಬಿಳೀ ಎಳೆಗಳು ಸುರುಳಿ ಸುರುಳಿಯಾಗಿ ಬಾಳೆ ಎಲೆಗೆ ಇಳಿದವು. ಮಾಯಾ ಸೋತು ನಕ್ಕಳು. ಪ್ಯಾಕೆಟ್ಟಿಗಿಂತ ಅದೇ ಚೆನ್ನಾಗಿತ್ತು.

ಕಿಟಕಿಯ ವಿಷಯದಲ್ಲಿ ಮಾತ್ರ ಅವಳು ಸೋಲಲು ತಯಾರಿರಲಿಲ್ಲ. ಅಜ್ಜಿ ಮುಚ್ಚಿದಳು, ಮೊಮ್ಮಗಳು ತೆರೆದಳು. ಅಜ್ಜಿ ಮತ್ತೆ ಮುಚ್ಚಿದಳು.

"ಅಜ್ಜೀ, ನಾವೇನು ಕದ್ದು ತಂದಿದೀವಾ? ಎಲ್ರ ಮನೇಲೂ ಅಡುಗೆ ಮಾಡಲ್ವಾ? ಇದೊಂದ್ ಸಲ ಕಿಟ್ಕಿ ತೆಗ್ದು ಬೇಯಿಸಾಣ."

"ನಿಂಗೇನ್ ಗೊತ್ತೇ? ಬೀದೀಲಿ ಪಾತ್ರೆ ಎಣಿಸ್ಕೊಂಡು ಕೂತೋಳು ನಾನು," ಎಂದಳು ದ್ಯಾವಮ್ಮ. ಮಾಯಾ ಆದರೂ ಕಿಟಕಿ ತೆರೆದಳು.

ದ್ಯಾವಮ್ಮ ಸಮಯ ಕಾದಳು. ಮೊಮ್ಮಗಳು ಒಲೆಯ ಮೇಲೆ ಕಬ್ಬಿಣದ ಬಾಣಲಿ ಇಟ್ಟು, ಮೊಬೈಲ್ ನೋಡುವುದರಲ್ಲಿ ಮೈಮರೆತಾಗ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಮನೆಯ ಒಂದೊಂದೇ ಕಿಟಕಿಯನ್ನು ಮುಚ್ಚಿದಳು. ಹೊಗೆ ಎಳೆಯುವ ಫ್ಯಾನಿನ ಸ್ವಿಚ್ಚು ಆರಿಸಿ ಅದರ ಬಾಯಿಗೆ ರಟ್ಟು ಸಿಕ್ಕಿಸಿದಳು. ಮುಂಬಾಗಿಲಿಗೆ ಒದ್ದೆ ಗೋಣಿ, ಗೋಣಿಯ ಮೇಲೆ ಇಟ್ಟಿಗೆ. ಬುದ್ಧನಿಗೆ ಒಂದು ಕಟ್ಟು ಊದುಬತ್ತಿ. ಒಂದು ನೂಲಿನಷ್ಟು ಘಮವೂ ತೀರ್ಥಮ್ಮನ ಜಗಲಿ ಮುಟ್ಟುವಂತಿಲ್ಲ ಎಂದು ಖಾತ್ರಿಯಾದ ಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನೆಮ್ಮದಿಯಾಗಿ ಕೂತಳು.

ಅದೇ ಗಳಿಗೆಗೆ ಮಾಯಾ ಬಾಣಲಿಗೆ ಬೊಗಸೆ ಬೊಗಸೆ ಒಣಮೆಣಸಿನಕಾಯಿ ಸುರಿದಳು.

ಎಲ್ಲ ಬಲ್ಲ ದ್ಯಾವಮ್ಮನಿಗೆ ಇದೊಂದು ಹೊಳೆದಿರಲಿಲ್ಲ. ಅವರ ಮನೆಯ ಬಾಡಿನ ಸಾರಿಗೆ ಅವಳು ಯಾವತ್ತೂ ಹಾಕುತ್ತಿದ್ದುದು ಮಿಲ್ಲಿನಲ್ಲಿ ಮಾಡಿಸಿದ ಖಾರದ ಪುಡಿ. ಮೆಕ್ಸಿಕೋದವರು ಮೊದಲು ಮೆಣಸಿನಕಾಯಿಯನ್ನು ಕಪ್ಪಾಗುವ ತನಕ ಹುರಿಯುತ್ತಾರೆಂದು ಅವಳಿಗೆ ಯಾರು ಹೇಳಬೇಕು? ಅವರು ಬಹುಶಃ ಕಿಟಕಿ ತೆಗೆದುಕೊಂಡು ಹುರಿಯುತ್ತಾರೆ.

ಮೊದಲು ಸೀನಿದವಳು ಮಾಯಾ. ಆಮೇಲೆ ಹಿತ್ತಲಿನಿಂದ ನೀರು ಕುಡಿಯಲು ಬಂದ ಮುನಿಯಪ್ಪ ಒಮ್ಮೆ ಕೆಮ್ಮಿ, "ಕೊಂದ್ಬಿಟ್ರಲ್ಲೇ!" ಎಂದು ಕುಸಿದ. ಘಾಟು ಮೂಗಿಗೆ, ಗಂಟಲಿಗೆ, ಕಣ್ಣಿಗೆ, ಕೊನೆಗೆ ತಲೆಯ ಬುಡಕ್ಕೇ ಏರಿತು. ಕಿಟಕಿ ತೆಗೆಯಲು ಹೋದರೆ, ಈ ಸಲ ಅಜ್ಜಿ ಬಿಗಿದು ಹಾಕಿದ್ದ ಚಿಲಕ ಹೊಸ ಬಣ್ಣಕ್ಕೆ ಕಚ್ಚಿಕೊಂಡಿತ್ತು. ಹಿತ್ತಲ ಬಾಗಿಲಿಗೆ ಹೋಗಬೇಕೆಂದರೆ ಹೊಗೆಯೇಳುವ ಬಾಣಲಿಯನ್ನೇ ದಾಟಬೇಕು. ಕಣ್ಣು ಬಿಡಲಾಗದೆ ಮಾಯಾ ಅಜ್ಜನನ್ನು ಎಳೆದಳು, ಅಜ್ಜ ಅಜ್ಜಿಯ ಸೆರಗು ಹಿಡಿದ, ಮೂವರೂ ಮುಂಬಾಗಿಲಿಗೆ ಬಂದರೆ ಕಾಲಿಗೆ ಇಟ್ಟಿಗೆ!

"ಇದ್ಯಾರು ಇಲ್ಲಿಟ್ಟಿದ್ದು?" ಎಂದು ಮುನಿಯಪ್ಪ ಹೆಬ್ಬೆರಳು ಹಿಡಿದು ಕುಣಿದ. ಇಟ್ಟವಳು ಇನ್ನಷ್ಟು ಜೋರಾಗಿ ಕೆಮ್ಮಿದಳು.

ಬಾಗಿಲು ತೆರೆಯಿತು. ಕೆಂಪು ಘಾಟಿನ ಜೊತೆಗೇ ಮೂವರೂ ಬೀದಿಗೆ ಬಂದು ಬಿದ್ದರು. ಸರಿಯಾಗಿ ಆಗಲೇ ಬಸ್ಸಿಳಿದು ಬಂದ ಆನಂದ್, ಇಸ್ತ್ರಿ ಮಾಡಿದ ಬಿಳೀ ಶರಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಗೇಟಿನಲ್ಲಿ ನಿಂತಿದ್ದ. ಭಾವೀ ಮಾವನ ಮನೆಯವರು ಅಳುತ್ತ ಎದುರಿಗೆ ಬಂದದ್ದನ್ನು ನೋಡಿ ಅವನು, "ಏನಾಯ್ತು? ಯಾರಿಗ್ ಏನಾಯ್ತು?" ಎನ್ನುವಷ್ಟರಲ್ಲಿ ಘಾಟು ಅವನನ್ನೂ ಮುಟ್ಟಿ, ಅವನೂ ಅಳತೊಡಗಿದ. ಭಾನುವಾರ ಅಂಗಡಿಗೆ ರಜೆಯೆಂದು ಮನೆಯಲ್ಲೇ ಇದ್ದ ದೇವೀರಪ್ಪನ ಸೀನು ಎದುರಿನಿಂದ ಸಿಡಿಯಿತು, ಅದರ ಹಿಂದೆ ಇನ್ನೊಂದು.

ದ್ಯಾವಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣು ಮೂಗು ಒರೆಸುತ್ತಿದ್ದವಳು ಅಳಿಯನ ಮುಖ ನೋಡಿದಳು. ನಗು ಬಂದುಬಿಟ್ಟಿತು. ಅವಳು ನಕ್ಕಿದ್ದು ನೋಡಿ ಮಾಯಾ ನಕ್ಕಳು, ಮುನಿಯಪ್ಪ ಹೆಬ್ಬೆರಳು ಹಿಡಿದುಕೊಂಡೇ ನಕ್ಕ. ನಗುತ್ತ ಕೆಮ್ಮಿ, ಕೆಮ್ಮುತ್ತ ನಕ್ಕು, ಯಾರು ಅಳುತ್ತಿದ್ದಾರೆ ಯಾರು ನಗುತ್ತಿದ್ದಾರೆ ಎಂದು ತಿಳಿಯದಂತಾಯಿತು.

"ಅಯ್ಯೋ ಶಿವನೇ, ಏನಾಯ್ತ್ರೀ?" ಎಂದು ತೀರ್ಥಮ್ಮ ಬೀದಿ ದಾಟಿ ಓಡಿ ಬಂದಳು. ಕೈಯಲ್ಲಿ ಹಿತ್ತಾಳೆ ಚೊಂಬಿನ ತುಂಬ ಮಜ್ಜಿಗೆ. "ಕುಡೀರಿ ಮೊದ್ಲು. ಕುಡಿಯಪ್ಪಾ ನೀನೂ." ಎಲ್ಲರೂ ಚೊಂಬು ಎತ್ತಿ ಎತ್ತಿ ಕುಡಿದರು. ಗಂಟಲು ತಣ್ಣಗಾಯಿತು.

"ಏನ್ ಅಡುಗೆ ರೀ ಇದು, ಊರನ್ನೇ ಸುಡೋ ಹಂಗೆ?"

"ಬದ್ನೇಕಾಯಿ," ಎಂದ ಮುನಿಯಪ್ಪ. ಅವನ ನಾಲಗೆಗೆ ಬೇರೆ ಮಾತೇ ಗೊತ್ತಿರಲಿಲ್ಲ.

ತೀರ್ಥಮ್ಮನ ಮುಖ ಅರಳಿತು. "ಬದ್ನೇಕಾಯಾ! ನಮ್ಮನೇವ್ರಿಗೆ ಬದ್ನೇಕಾಯಿ ಅಂದ್ರೆ ಪ್ರಾಣ ಕಣ್ರೀ. ದ್ಯಾವಮ್ನೋರೇ, ನಂಗೊಂದು ಬಟ್ಲು ತೆಗ್ದಿಡಿ. ಇಷ್ಟು ಘಾಟಿದ್ರೆ ರುಚಿ ಎಷ್ಟಿರ್ಬೇಕು!"

ನಗು ನಿಂತುಹೋಯಿತು. ಮುನಿಯಪ್ಪ ಆಕಾಶ ನೋಡಿದ. ಮಾಯಾ ಅಜ್ಜಿಯನ್ನು ನೋಡಿದಳು. ದ್ಯಾವಮ್ಮನಿಗೆ ಇನ್ನೂ ದಾರಿಯಿತ್ತು: ಸೀದುಹೋಯಿತು ಎನ್ನಬಹುದು, ಉಪ್ಪು ಹೆಚ್ಚಾಯಿತು ಎನ್ನಬಹುದು. ಇಷ್ಟು ವರ್ಷ ಅಂಥ ಮಾತುಗಳಲ್ಲೇ ಬದುಕಿದವಳು. ಆದರೆ ಮಜ್ಜಿಗೆ ತಂದುಕೊಟ್ಟವಳು, ನಂಬಿ ಬಟ್ಟಲು ಕೇಳಿದವಳು ಎದುರಿಗೇ ನಿಂತಿದ್ದಾಳೆ. ಅವಳಿಗೆ ಇನ್ನೊಂದು ಸುಳ್ಳು ಹೇಳಲು ದ್ಯಾವಮ್ಮನಿಗೆ ಮನಸ್ಸು ಬರಲಿಲ್ಲ.

"ಬದ್ನೇಕಾಯಲ್ಲ ಕಣ್ರೀ," ಎಂದಳು. "ಎಮ್ಮೆ ಬಾಡು. ನಾವು ತಿಂತೀವಿ. ಮೊದ್ಲಿಂದ್ಲೂ ತಿಂತೀವಿ."

ತೀರ್ಥಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಸೆರಗಿನಿಂದ ಮೂಗೊರೆಸಿಕೊಂಡು ಬೀದಿ ದಾಟಿ ಹೋದಳು. ಚೊಂಬು ದ್ಯಾವಮ್ಮನ ಮೆಟ್ಟಿಲ ಮೇಲೆಯೇ ಉಳಿಯಿತು.

ಊಟವೇನೋ ಆಯಿತು. ಕೆಂಪು ಸಾರು, ಬೆಣ್ಣೆಯ ಹಾಗೆ ಬೆಂದ ಬಾಡು, ಅದರಲ್ಲಿ ಮುಳುಗಿದ ಶಾವಿಗೆ, ಮೇಲೆ ಅರ್ಧ ಮೊಟ್ಟೆ, ಕೊತ್ತಂಬರಿ, ನಿಂಬೆರಸ. ಆನಂದ್ ಮೊದಲ ತುತ್ತಿಗೇ ಬೆವರಿ, ಎರಡನೆಯದಕ್ಕೆ ಶರಟಿನ ತೋಳು ಮಡಿಸಿ, ಮೂರನೆಯದಕ್ಕೆ ನಾಚಿಕೆ ಬಿಟ್ಟು ಬಟ್ಟಲನ್ನೇ ಎತ್ತಿ ಸೊರ್ರನೆ ಹೀರಿದ. ಬಿಳೀ ಶರಟಿನ ಎದೆಗೆ ಮೆಕ್ಸಿಕೋ ಬಿತ್ತು. ಮಾಯಾ ಬಿದ್ದು ಬಿದ್ದು ನಕ್ಕಳು. ದ್ಯಾವಮ್ಮನೂ ಬಾಯಿಗಿಟ್ಟಳು. ಅಂಥ ಸಾರನ್ನು ತನ್ನ ಆಯುಷ್ಯದಲ್ಲೇ ತಿಂದಿರಲಿಲ್ಲ. ಆದರೂ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಕಣ್ಣು ಹೋಗಿ ಹೋಗಿ ಆ ಚೊಂಬಿನ ಮೇಲೇ ನಿಲ್ಲುತ್ತಿತ್ತು. ನಾವು ಮುಟ್ಟಿದ ಚೊಂಬು ಇನ್ನು ಅವರು ವಾಪಸು ತಗೊಳ್ಳುವುದುಂಟೇ? ಹುಣಸೆಹಣ್ಣು ಹಾಕಿ ತಿಕ್ಕಿದಳು, ಮತ್ತೆ ತಿಕ್ಕಿದಳು. ಚೊಂಬು ಹೊಳೆದಷ್ಟೂ ಅವಳ ಮನಸ್ಸು ಮಂಕಾಯಿತು. ಸದ್ದಿಲ್ಲದೆ ಅವರ ಜಗಲಿಯ ಮೇಲಿಟ್ಟು ಬಂದುಬಿಡುವುದು ಎಂದುಕೊಂಡು ಬಾಗಿಲಿಗೆ ಬಂದಳು.

ಬಾಗಿಲಲ್ಲೇ ತೀರ್ಥಮ್ಮ ನಿಂತಿದ್ದಳು. ಕೈಯಲ್ಲಿ ಮುಚ್ಚಿದ ಬಟ್ಟಲು.

"ಎಲ್ರೀ ನಮ್ ಚೊಂಬು? ಸಂಜೆ ಹಾಲಿನೋನು ಬತ್ತಾನೆ, ಎಷ್ಟೊತ್ತು ಇಟ್ಕೊಂಡಿರ್ತೀರಿ?" ಎಂದು ದ್ಯಾವಮ್ಮನ ಕೈಯಿಂದಲೇ ಚೊಂಬು ಕಿತ್ತುಕೊಂಡಳು. ಆಮೇಲೆ ದನಿ ತಗ್ಗಿಸಿದಳು. "ನಂಗೆ ಬೇಜಾರಾಯ್ತು, ಸುಳ್ಳು ಹೇಳಲ್ಲ. ಮನೇಲಿ ಕೂತ್ಕೊಂಡು ಯೋಚ್ನೆ ಮಾಡ್ದೆ. ಸುಮ್ನೆ ಒಂದು ಬಟ್ಲು ಕೊಟ್ಟಿದ್ರೆ ನಂಗೇನ್ ಗೊತ್ತಾಗ್ತಿತ್ತು? ನೀವು ಹೇಳಿದ್ರಲ್ಲ. ಅಷ್ಟು ಸಾಕು ಕಣ್ರೀ ನಂಗೆ." ಬಟ್ಟಲ ಮುಚ್ಚಳ ತೆಗೆದಳು. ಎಣ್ಣೆಯಲ್ಲಿ ಹೊಳೆಯುವ ಎಣ್ಣೆಗಾಯಿ. "ತಗೊಳ್ಳಿ. ಬದ್ನೇಕಾಯಿ ಅಂದ್ರೆ ಇದು. ನಿಮ್ ಯಜಮಾನ್ರಿಗೆ ತೋರ್ಸಿ, ಯಾವತ್ತೂ ನೋಡಿಲ್ಲ ಅನ್ಸುತ್ತೆ."

ಒಳಗಿನಿಂದ ಮುನಿಯಪ್ಪ ಕೆಮ್ಮಿದ. ಈ ಸಲ ಘಾಟಿಗಲ್ಲ.

"ಇನ್ನೊಂದ್ ಮಾತು," ಎಂದು ತೀರ್ಥಮ್ಮ ಮೆಟ್ಟಿಲಿಳಿದು ತಿರುಗಿದಳು. "ಏನ್ ಬೇಕಾದ್ರೂ ಬೇಯಿಸ್ಕೊಳ್ಳಿ. ಆದ್ರೆ ಯಾವಳಾದ್ರೂ ಕಿಟ್ಕಿ ಮುಚ್ಚಿ ಮೆಣಸಿನಕಾಯಿ ಹುರೀತಾಳೇನ್ರೀ? ಸತ್ತಿದ್ರೆ ನಾನ್ ಬೆಳಗ್ಗೆ ಯಾರ್ ಜೊತೆ ಮಾತಾಡ್ಲಿ?"

ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಕ್ಕೂ ಮೆಣಸಿನಕಾಯಿಯೇ ಕಾರಣವೆಂದು ಮೊಮ್ಮಗಳಿಗೆ ಹೇಳಿ ಅಡುಗೆಮನೆಗೆ ಹೋದಳು. ಬಣ್ಣಕ್ಕೆ ಕಚ್ಚಿಕೊಂಡಿದ್ದ ಚಿಲಕಕ್ಕೆ ಅದೇ ಇಟ್ಟಿಗೆಯಿಂದ ಗುದ್ದಿದಳು. ಕಿಟಕಿ ಧಡಾರನೆ ತೆರೆದುಕೊಂಡಿತು. ಎಮ್ಮೆ ಬಾಡಿನ ಬಿಸಿ ಘಮ ಹೊರಗೆ ಹೋಯಿತು, ತಣ್ಣನೆಯ ಗಾಳಿ ಒಳಗೆ ಬಂತು. ದ್ಯಾವಮ್ಮ ಕಂಬಿಗಳಿಗೆ ಮುಖವಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ತೀರ್ಥಮ್ನೋರೇ! ನಾನು ಕಿಟ್ಕಿ ತೆಗ್ದೀನಿ, ನೀವು ನಿಮ್ದು ಮುಚ್ಕೊಳ್ರೀ!"