ಬೆರಿಲ್ ಹೆಸರೆತ್ತಿದ ದಿನ

ಒದ್ದೆ ಉಣ್ಣೆಯ ವಾಸನೆ, ಪಕ್ಕದಲ್ಲಿ ಕೂತ ಮರ್ವ್‌ನ ಕೋಟಿನದು, ಜುಲೈ ಅಂದರೆ ನಮ್ಮಲ್ಲಿ ನಡು ಚಳಿಗಾಲ, ಅದು ಒಣಗುವುದೇ ಇಲ್ಲ, ಹೀಟರಿನ ಹತ್ತಿರವಂತೂ ಕುರಿಯೇ ಎದ್ದು ಬಂದ ಹಾಗೆ — ಸಭಾಂಗಣದ ತುಂಬ ನಾವೇ, ಊರ ಕೌನ್ಸಿಲ್ ಬಾಡಿಗೆಗೆ ಕೊಟ್ಟ ಮನೆಗಳ ಮುದುಕ ಮುದುಕಿಯರು, ಎದುರು ಉದ್ದ ಮೇಜಿನ ಹಿಂದೆ ಕೌನ್ಸಿಲರುಗಳು, ನಮ್ಮ ಮನೆಗಳನ್ನು ಆಕ್ಲೆಂಡಿನ ಕಂಪನಿಗೆ ಮಾರುವುದೋ ಊರಿನದಾಗಿಯೇ ಉಳಿಸಿಕೊಳ್ಳುವುದೋ ಇವತ್ತು ತೀರ್ಮಾನ. ಮರ್ವ್ ಕಿವಿಯ ಹತ್ತಿರ ಬಗ್ಗುತ್ತಾನೆ, ನೋಲೀನ್, ಗಟ್ಟಿಯಾಗಿ ಮಾತಾಡು, ಇಲ್ಲಿ ಅರ್ಧ ಜನಕ್ಕೆ ಕಿವಿ ಕೇಳ್ಸಲ್ಲ, ಇನ್ನರ್ಧ ಕೌನ್ಸಿಲರ್‌ಗಳು. ನಗು ಬರುವುದಿಲ್ಲ, ಲೊರೇನ್ ಅಲ್ಲಿಂದ ನನ್ನನ್ನೇ ನೋಡುತ್ತಿದ್ದಾಳೆ, ಬೆರಿಲ್‌ಳ ಮಗಳು, ಈಗ ಕೌನ್ಸಿಲರ್, ಬೆರಿಲ್ ಇದ್ದದ್ದು ನನ್ನ ಪಕ್ಕದ ಮನೆಯಲ್ಲಿ, ಗೋಡೆ ಎಷ್ಟು ತೆಳು ಅಂದರೆ ಅವಳು ಸೀನಿದರೆ ನಾನು ದೇವರು ಕಾಪಾಡಲಿ ಅನ್ನುತ್ತಿದ್ದೆ, ಅವಳು ಅಲ್ಲಿಂದಲೇ ಥ್ಯಾಂಕ್ಸ್ ಅನ್ನುತ್ತಿದ್ದಳು — ನಿನ್ನೆ ಲೊರೇನ್ ಬಂದಿದ್ದಳು, ಚಹಾ ಬೇಡ ಅಂದಳು, ಬಾಗಿಲಲ್ಲೇ ನಿಂತು, ನೋಲೀನ್ ಆಂಟಿ, ಪೈಪೆಲ್ಲ ತುಕ್ಕು ಹಿಡಿದಿದೆ, ಛಾವಣಿ ಸೋರುತ್ತೆ, ಕೌನ್ಸಿಲ್ ಕೈಲಾಗಲ್ಲ, ಕಂಪನಿಯವ್ರು ಎಲ್ಲಾ ಹೊಸದು ಮಾಡ್ತಾರೆ. ಹೊಸದಾದ ಮೇಲೆ ಅದ್ರಲ್ಲಿ ಯಾರಿರ್ತಾರೆ ಮಗಳೇ, ಅಂದೆ. ಗೇಟಿನ ತನಕ ಹೋದವಳು ತಿರುಗಿ ಬಂದಳು, ನಾಳೆ ಏನು ಬೇಕಾದ್ರೂ ಹೇಳಿ, ಅಮ್ಮನ ಹೆಸರು ಮಾತ್ರ ಎತ್ತಬೇಡಿ. ಎತ್ತಲ್ಲ ಅಂದೆನೆ? ಅನ್ನಲಿಲ್ಲ, ತಲೆಯಾಡಿಸಿದೆ, ತಲೆಯಾಡಿಸಿದರೆ ಅಂದ ಹಾಗೇ ತಾನೆ.

ಕಂಪನಿಯವನೊಬ್ಬ ಬಂದು ಅಡುಗೆಮನೆ ಅಳೆದಿದ್ದ, ನಾನು ಒಲೆಯ ಮುಂದೆ ನಿಂತೇ ಇದ್ದೆ, ಸ್ವಲ್ಪ ಸರೀತೀರಾ ಅಂದ, ಸರಿದೆ, ಇನ್ನೂ ಸ್ವಲ್ಪ ಅಂದ, ಎಲ್ಲೀ ತನಕಪ್ಪಾ, ಸ್ಮಶಾನದ ತನಕಾನಾ — ಮೇಯರ್ ನನ್ನ ಹೆಸರು ಕರೆಯುತ್ತಿದ್ದಾರೆ, ಏಳುತ್ತೇನೆ, ಮಂಡಿ ಕಟಕಟ ಅನ್ನುತ್ತದೆ, ಮೈಕು ನನ್ನ ಹಣೆಯ ಎತ್ತರಕ್ಕಿದೆ. ಬಾಡಿಗೆಯ ಬಗ್ಗೆ ಹೇಳಿದೆ, ಫೆಟುವಿನ ಬಗ್ಗೆ ಹೇಳಿದೆ, ಕೌನ್ಸಿಲಿನ ಕೆಲಸದವನು ಫೆಟು, ನಲ್ಲಿ ರಿಪೇರಿಗೆ ಬರುವವನು, ಆದರೆ ಬೆಳಿಗ್ಗೆ ಯಾರ ಕಿಟಕಿಯ ಪರದೆ ಸರಿದಿಲ್ಲವೋ ಅವರ ಬಾಗಿಲು ಬಡಿಯುತ್ತಾನೆ. ಕನ್ನಡಕದ ಕೌನ್ಸಿಲರ್ ನಕ್ಕ, ಪರದೆ ನೋಡೋಕೆ ಕಂಪನಿಯವ್ರೂ ಒಬ್ಬನ್ನ ಇಡಬಹುದಲ್ಲ ಮೇಡಂ. ಹಿಂದೆ ಯಾರೋ ಕಿಸಕ್ಕೆಂದರು, ನನ್ನ ಬಾಯಿಂದ ಬಂದೇಬಿಟ್ಟಿತು — ಬೆರಿಲ್ ಬಚ್ಚಲಲ್ಲಿ ಬಿದ್ದಿದ್ಳು, ಸೊಂಟ ಮುರಿದು, ರಾತ್ರಿಯೆಲ್ಲ, ನಾನು ಕಿವಿಯ ಮಿಷನ್ ತೆಗೆದಿಟ್ಟು ಮಲಗಿದ್ದೆ, ನನಗೂ ಕೇಳ್ಸಲಿಲ್ಲ, ಪರದೆ ನೋಡಿ ಬೀಗ ತೆಗೆದೋನು ಫೆಟು, ಟವೆಲಲ್ಲಿ ಸುತ್ತಿ, ಆಂಬುಲೆನ್ಸ್ ಬರೋ ತನಕ ತನ್ನ ಸಮೋವಾ ದ್ವೀಪದ ಹಾಡು ಹೇಳ್ತಾ ತೊಡೆ ಮೇಲೆ ತಲೆ ಇಟ್ಕೊಂಡಿದ್ದ, ಸಾಯೋ ತನಕ ಆಸ್ಪತ್ರೆಗೆ ದಿನಾ ಹೋದೋನೂ ಅವನೇ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಗಳಿಗೆ ಇಲ್ಲಿ ಮೀಟಿಂಗ್ ಇತ್ತು, ಅಂದೆ.

ವಾಪಸು ಬಂದು ಕೂರುತ್ತೇನೆ, ಮರ್ವ್ ನನ್ನ ಮುಖ ನೋಡುವುದಿಲ್ಲ, ಹೇಳಿದ್ದರಲ್ಲಿ ಸುಳ್ಳೇನಿದೆ, ಒಂದಕ್ಷರ ಸುಳ್ಳಿಲ್ಲ, ಸುಳ್ಳಾಗಿದ್ದರೆ ಅವಳು ಎದ್ದು ಬೈಯಬಹುದಿತ್ತು, ಬೈದಿದ್ದರೆ ಚೆನ್ನಾಗಿತ್ತು — ಮಾರಬೇಕು ಅನ್ನೋರು ಕೈ ಎತ್ತಿ, ಮೇಯರ್ ಅನ್ನುತ್ತಾರೆ, ಕನ್ನಡಕದವನ ಕೈ, ಅವನ ಪಕ್ಕದವರದು, ಲೊರೇನ್‌ಳ ಎರಡೂ ಕೈ ಮೇಜಿನ ಮೇಲೆ. ಉಳಿಸಿಕೊಳ್ಳಬೇಕು ಅನ್ನೋರು. ಎತ್ತಿದಳು. ಒಂದೇ ಒಂದು ಕೈಯಿಂದ ಮನೆಗಳು ಉಳಿದವು, ಮರ್ವ್ ನನ್ನ ತೋಳು ಹಿಡಿದು ಜಗ್ಗುತ್ತಿದ್ದಾನೆ, ಗೆದ್ವಿ ಕಣೇ ಮುದುಕಿ, ಗೆದ್ವಿ, ಹಿಂದೆ ಕುರ್ಚಿಗಳು, ಊರುಗೋಲುಗಳು, ಯಾರೋ ಅಳುತ್ತಿದ್ದಾರೆ, ನನ್ನ ಒಲೆ ನನ್ನದೇ, ಇನ್ನು ಯಾರೂ ನನ್ನನ್ನು ಆಚೆ ಸರಿ ಅನ್ನುವುದಿಲ್ಲ, ಮತ್ತೆ ಹೇಳಬೇಕಾಗಿ ಬಂದರೆ ಮತ್ತೆ ಹೇಳುತ್ತೇನೆ, ಹೇಳದೆ ಇರುತ್ತೇನೆಯೇ, ಲೊರೇನ್‌ಳನ್ನು ಭಾನುವಾರ ಚಹಾಕ್ಕೆ ಬಾ ಅಂತ ಕರೆಯಬೇಕು, ಬರುತ್ತಾಳೆಯೇ — ಉಳಿದವರೆಲ್ಲ ಕೈ ಇಳಿಸಿದ್ದಾರೆ, ಲೊರೇನ್, ಎಣಿಸಾಯ್ತಮ್ಮಾ, ಇಳಿಸು, ಮೇಯರ್ ಮೆಲ್ಲಗೆ ಅನ್ನುತ್ತಾರೆ, ಅವಳಿಗೆ ಕೇಳಿಸಿಲ್ಲ, ಕಣ್ಣು ಮೇಜಿನ ಮೇಲೆ, ನನ್ನ ಕಡೆ ನೋಡುತ್ತಿಲ್ಲ, ಆ ಕೈ ಮಾತ್ರ, ಬೆರಳು ಬಿಡಿಸಿಕೊಂಡು, ಇನ್ನೂ ಮೇಲೇ ಇದೆ, ಆ ಕೈ